ರಜೆಯ ಮೂರು ದಿನದ ಮಳೆ

ಮಾಧವರಂ, ಚೆನ್ನೈ
ಜನವರಿ 8

ಮುದ್ದಿನ ಮಗಳು ಪ್ರಣಮ್ಯಾಳಿಗೆ ಅವ್ವನ ಆಶೀರ್ವಾದ.

ಫೋನು ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯಲ್ಲ, ಅದಕ್ಕೇ ಈ ಕಾಗದ. ಸೌಕಾರ್‌ಪೇಟೆಯ ಆ ಗದ್ದಲದಲ್ಲಿ ನಿನಗೆ ನಿದ್ದೆ ಬರುತ್ತದೋ ಇಲ್ಲವೋ. ಪೂರ್ಣಿಮಾ ಅತ್ತೆ ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ, ಆ ಮಾತು ಬೇರೆ. ಆದರೆ ಅಕ್ಷರ ತಿಳಿಯದಿದ್ದರೆ ಅವಳಿಂದ ಓದಿಸಬೇಡ. ಕನ್ನಡ ಕಲಿಸಿದವಳು ನಾನು, ನಿಧಾನವಾಗಿ ಕೂಡಿಸಿ ನೀನೇ ಓದಿಕೋ.

ನೀನು ಮನೆ, ನಮ್ಮ ಶಾಲೆ ಎರಡನ್ನೂ ಬಿಟ್ಟು ಒಂದೂವರೆ ತಿಂಗಳಾಯಿತು. ನನಗೂ ಸಿಟ್ಟಿದೆ. ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ಮಳೆ ಲೆಕ್ಕದ ನೋಟ್‌ಬುಕ್ಕಿಗಾಗಿ ಹೆತ್ತವಳನ್ನು ಬಿಟ್ಟು ಹೋಗುವುದೆಂದರೇನು?

ನಿನ್ನ ಕೆಲಸ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಜುಲೈಯಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಶಾಲೆಯ ಮಾಳಿಗೆ ಹತ್ತಿ ಮಳೆ ಅಳೆದೆ, ಗಾಳಿ ಯಾವ ಕಡೆಯದೆಂದು ಬರೆದೆ. ಮಣಲಿಯ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ವಾಸನೆಗೂ ಒಂದರಿಂದ ಐದರವರೆಗೆ ಅಂಕ ಕೊಟ್ಟೆ. ವಿಜ್ಞಾನ ಪಾಠ ಮಾಡುವ ನನಗೇ ಹೊಳೆಯದ ಉಪಾಯ ಅದು. ಮಳೆಗೆ ರಜೆ ಸಿಕ್ಕಿದರೆ ಉಳಿದ ಮಕ್ಕಳು ಹೊದ್ದು ಮಲಗುತ್ತಿದ್ದರು. ನೀನು ನವೆಂಬರಿನ ಮೂರು ರಜೆಯಲ್ಲೂ ಮೊಣಕಾಲುದ್ದ ನೀರಿನಲ್ಲಿ ನಡೆದು ಹೋಗಿ ಅಳೆದು ಬಂದೆ.

ಆದರೆ ಜಿಲ್ಲೆಯ ವಿಜ್ಞಾನ ಪ್ರದರ್ಶನಕ್ಕೆ ಶಾಲೆಗೊಂದೇ ಹೆಸರು. ಶಾಲೆಯ ಆಡಳಿತ ನಡೆಸುವ ನಮ್ಮ ಕರೆಸ್ಪಾಂಡೆಂಟ್ ನನ್ನನ್ನು ಕರೆಸಿ, ಮೊಮ್ಮಗಳು ತೃಷಾ ಕೂಡ ಮಳೆ ಅಳೆಯುತ್ತಿದ್ದಾಳೆ, ಅವಳಿಗೂ ಆಸೆಯಿದೆ ಎಂದರು. ಅವರು ಹೇಳಿದ್ದು ಅಷ್ಟೇ. ನನ್ನ ಕೆಲಸ ಖಾಯಂ ಮಾಡುವ ಕಾಗದ ಅವರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ನಿನ್ನಪ್ಪ ತೀರಿಕೊಂಡಂದಿನಿಂದ ಏಳು ವರ್ಷ ಅದಕ್ಕಾಗಿ ಕಾದಿದ್ದೇನೆ.

ಮರುದಿನ ಕ್ಲಾಸಿನಲ್ಲಿ ನಿನ್ನನ್ನು ಎಬ್ಬಿಸಿ ನಿಲ್ಲಿಸಿದೆ. ಶಾಲೆ ಮುಚ್ಚಿದ್ದಾಗ ಮಾಳಿಗೆ ಹತ್ತಿದ್ದು ಹೇಗೆ, ಅಂಕಿಗಳನ್ನು ಮನೆಯಲ್ಲಿ ಕೂತು ಹುಟ್ಟಿಸಿದೆಯಾ ಎಂದು ಕೇಳಿದೆ. ನಾನು ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ನೀನು. ಅವತ್ತು ಮಾತ್ರ, ನನ್ನ ಮಾನ ಉಳಿಸಬೇಕೆಂದೋ ಏನೋ, ಕನ್ನಡದಲ್ಲಿ ಮೆಲ್ಲಗೆ ಹೇಳಿದೆ: “ಅವ್ವಾ, ಮಾಳಿಗಿ ಕೀಲಿ ನೀನ ಕೊಟ್ಟಿದ್ದಿ. ಛತ್ರಿನೂ ನೀನ ಕೊಟ್ಟಿ.”

ನಲವತ್ತೆರಡು ಮಕ್ಕಳಲ್ಲಿ ಒಬ್ಬರಿಗೂ ಕನ್ನಡ ಬಾರದು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಿಸ್, ಅವಳು ಏನೆಂದಳು ಎಂದು ಕೇಳಿದರು. ತಪ್ಪು ಒಪ್ಪಿಕೊಂಡು ಕ್ಷಮೆ ಕೇಳುತ್ತಿದ್ದಾಳೆ ಎಂದು ತಮಿಳಿನಲ್ಲಿ ಹೇಳಿಬಿಟ್ಟೆ.

ಅದು ನಿನ್ನ ಕಿವಿಗೂ ಬಿತ್ತು. ನೀನು ತಮಿಳಿನಲ್ಲಿ ಒಂದು ಮಾತು ಆಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಆಡಲಿಲ್ಲ. ನಾನು ಕೆಂಪು ಪೆನ್ನು ತೆಗೆದು ಆ ಮೂರು ದಿನಗಳ ಅಂಕಿಗಳನ್ನು ನಿನ್ನ ಎದುರೇ ಹೊಡೆದುಹಾಕಿದೆ. ಅದು ನೆನಪಾದಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತಪ್ಪು ನನ್ನದು. ಬರೆದು ಕೊಟ್ಟಿದ್ದೇನೆ, ಸಾಕಲ್ಲ? ಇದನ್ನು ಯಾರಿಗೂ ತೋರಿಸಬೇಡ. ಪೊಂಗಲ್ ರಜೆಗೆ ಮನೆಗೆ ಬಾ. ಶೇಂಗಾ ಹೋಳಿಗೆ ಮಾಡುತ್ತೇನೆ. ನೀನಿಲ್ಲದೆ ಒಬ್ಬಳಿಗೇ ಅಡಿಗೆ ಮಾಡಿಕೊಳ್ಳಲು ಬೇಜಾರು.

ನಿನ್ನನ್ನೇ ನೆನೆಯುವ ಅವ್ವ,
ಜಗದೇವಿ

ತಾ.ಕ.: ನನ್ನ ಕೆಲಸ ಖಾಯಂ ಆಯಿತು. ತೃಷಾ ಜಿಲ್ಲೆಯಲ್ಲಿ ಗೆದ್ದಳು. ಅವಳ ಪುಸ್ತಕದಲ್ಲಿ ಆ ಮೂರು ರಜೆ ಖಾಲಿಯಿದ್ದವು, ನಿನ್ನ ಅಂಕಿಗಳನ್ನೇ ಬರೆಸಿದೆ. ರಜೆಯಲ್ಲೂ ತಪ್ಪಿಸದ ಹುಡುಗಿ ಎಂದು ತೀರ್ಪುಗಾರರು ಬಹಳ ಹೊಗಳಿದರು. ಮುಂದಿನ ಸುತ್ತಿನಲ್ಲಿ ಆ ದಿನಗಳ ಬಗ್ಗೆಯೇ ಕೇಳುತ್ತಾರಂತೆ. ಬೀದಿಯಲ್ಲಿ ನೀರು ಎಷ್ಟಿತ್ತು, ಹೇಗೆ ದಾಟಿದೆ, ಗಾಳಿ ಹೇಗಿತ್ತು, ಒಂದೂ ಅವಳಿಗೆ ಗೊತ್ತಿಲ್ಲ. ಹದಿನೈದನೇ ತಾರೀಕು ಅವಳನ್ನು ನಮ್ಮ ಮನೆಗೆ ಕರೆದಿದ್ದೇನೆ. ನೀನು ಬಂದು ಹೇಳಿಕೊಡು. ಒಪ್ಪಿದ್ದೀಯೆಂದು ಕರೆಸ್ಪಾಂಡೆಂಟರಿಗೆ ಆಗಲೇ ಹೇಳಿಬಿಟ್ಟಿದ್ದೇನೆ.