ಭೂಮಿಯ ಪಾಲು

ಆಗಸ್ಟ್ ೧೬, ೧೯೯೮. ಭಾನುವಾರ, ಬೆಳಿಗ್ಗೆ

ಡಬ್ಬ ಬಂತು. ಮಾಲತೇಶಪ್ಪ ಲೂನಾ ನಿಲ್ಲಿಸಿದ, ಎಂದಿನಂತೆ ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಇಟ್ಟು, ಹೋದ ವಾರದ ಡಬ್ಬ ವಾಪಸ್ ಕೇಳಿದ. ಸೇಬಿನ ರಟ್ಟಿನ ಡಬ್ಬ. ಒಳಗೆ ಈ ಸಲ ಹೀರೆಕಾಯಿ, ಮುಳ್ಳುಬದನೆ, ಪುಂಡಿಸೊಪ್ಪು, ಮಣ್ಣು ಮೆತ್ತಿದ ಮೂಲಂಗಿ. ಇಂಥದ್ದು ಬೇಕು ಎನ್ನುವಂತಿಲ್ಲ. ಹರಿಹರದ ಹೊಳೆದಂಡೆಯ ಅವನ ಹೊಲದಲ್ಲಿ ಆ ವಾರ ಬಂದದ್ದು. ಅಂಗಡಿ ಗೊಬ್ಬರ ಇಲ್ಲ, ಔಷಧಿ ಇಲ್ಲ. ವಿನೋಬನಗರದ ಕೆಲವು ಮನೆಗಳಿಗೆ ಮಾತ್ರ ಕೊಡುತ್ತಾನೆ.

ನನ್ನ ಹೆಂಡತಿ ದ್ರಾಕ್ಷಾಯಣಿ ಹಳೆಯ ಡಬ್ಬ ಒರೆಸಿ ತಂದಳು.

"ಖಾಲಿ ಯಾಕ್ರೀ ಅಮ್ಮಾರೆ? ಸಿಪ್ಪೆ, ತೊಟ್ಟು ಎಲ್ಲಾ ತುಂಬಿ ಕೊಡ್ರಿ. ಹೊಲಕ್ಕೆ ವಾಪಸ್ ಹೋಗ್ಬೇಕು ಅವು."

"ವಾರದ ಸಿಪ್ಪೆ ಮನ್ಯಾಗೆ ಇಟ್ಕಂಡ್ರೆ ನಾರಲ್ಲೇನಪ್ಪ?"

"ನಾರ್ಲಿ ಬಿಡ್ರಿ. ನಮ್ಮ ಹೊಲಕ್ಕೆ ಅದೇ ಅತ್ತರು."

ನಕ್ಕಳು. ಈ ಮನೆಯಲ್ಲಿ ಬಹಳ ದಿನಗಳ ಮೇಲೆ ಕೇಳಿದ ನಗು.

ಮಗಳು ವಾಣಿ ಹೊರಗೆ ಬರಲಿಲ್ಲ. ಆದರೆ ಮೂಲಂಗಿ ತಿಂದಳು. ಹಸಿಯದು, ಉಪ್ಪು ಹಚ್ಚಿಕೊಂಡು. ಹೊಟ್ಟೆಯಲ್ಲಿ ನಿಂತಿತು.

ಅದೇ ದಿನ, ಸಂಜೆ

ಬರೆಯದೆ ಬಿಟ್ಟದ್ದು: ಮಗಳು ಮಂಡಿಪೇಟೆಯ ಗಂಡನ ಮನೆಯಿಂದ ಬಂದು ತಿಂಗಳಾಯಿತು. ಇದು ಮೂರನೆಯ ಬಸಿರು. ಹಿಂದಿನ ಎರಡೂ ನಾಲ್ಕನೆಯ ತಿಂಗಳಲ್ಲಿ ಹೋದವು. ಅಳಿಯ ಬಸವಪ್ರಭುವಿನದು ಗೊಬ್ಬರ ಮತ್ತು ಬೆಳೆ ಔಷಧಿಯ ಅಂಗಡಿ. ಮನೆ ಅದರ ಮೇಲೆಯೇ. ದಿಂಬಿನಲ್ಲೂ ಆ ವಾಸನೆ ಬರುತ್ತದೆ ಎಂದಳು, ಬಂದ ದಿನ. ಅಷ್ಟೇ. ಆಮೇಲೆ ಯಾರೂ ಯಾರ ಮೇಲೂ ಏನೂ ಹೊರಿಸಿಲ್ಲ. ಆಡದ ಆ ಮಾತು ನಡುಮನೆಯಲ್ಲಿ ಕಂಬದಂತೆ ನಿಂತಿದೆ. ಸುತ್ತು ಹಾಕಿ ಓಡಾಡುತ್ತೇವೆ.

ನಾನು ಕೆಮಿಸ್ಟ್ರಿ ಮೇಷ್ಟ್ರು. ಆ ಔಷಧಿಗಳ ಸೂತ್ರಗಳನ್ನು ಬೋರ್ಡಿನ ಮೇಲೆ ಬರೆಯಬಲ್ಲೆ. ಅವಳ ಎರಡು ಮಕ್ಕಳು ಯಾಕೆ ಹೋದವು ಎಂದು ಬರೆಯಲಾರೆ. ಡಾಕ್ಟರೂ ಬರೆದಿಲ್ಲ.

ಪೇಟೆಯ ತರಕಾರಿ ಬೇಯಿಸಿದರೆ ವಾಂತಿ. ಡಬ್ಬದ್ದು ಮಾತ್ರ ಇಳಿಯುತ್ತದೆ.

ಆಗಸ್ಟ್ ೨೩, ಭಾನುವಾರ

ಬಸವಪ್ರಭು ಬಂದಿದ್ದ. ಪ್ರತಿ ಭಾನುವಾರ ಬರುತ್ತಾನೆ. ಕಟ್ಟೆಯ ಮೇಲೆ ಕೂಡುತ್ತಾನೆ. ವಾಣಿ ಕಿಟಕಿಯ ಒಳಗಿಂದ ಮಾತಾಡುತ್ತಾಳೆ. ಒಳಗೆ ಬಾ ಎಂದು ಅವಳು ಕರೆದಿಲ್ಲ, ಅವನು ಕೇಳಿಲ್ಲ.

ದ್ರಾಕ್ಷಾಯಣಿ ಅವನ ಎದುರೇ ಬದನೆಕಾಯಿ ಹೆಚ್ಚುತ್ತಿದ್ದಳು. ಒಂದರಲ್ಲಿ ಹುಳ.

"ಇದೇನ್ರೀ ಮಾವಾರೆ, ಒಳಗೆ ಬಾಡಿಗೇರು ಅದಾರಲ್ಲ!" ಎಂದ ಅಳಿಯ.

"ನಿಮ್ಮಂಗಡಿಗೆ ಕಳಿಸಲೇನಪ್ಪ, ಖಾಲಿ ಮಾಡ್ಸಾಕೆ?" ಎಂದೆ.

ನಗಬೇಕಾದ ಮಾತು. ನಕ್ಕ ಕೂಡ. ಆಗ ಕಿಟಕಿಯಿಂದ ವಾಣಿ:

"ಅದು ಜೀವಂತ ಐತಲ್ಲ. ಅದಕ್ಕೇ ನಾನು ತಿಂತಿರೋದು."

ನಡುಮನೆಯ ಆ ಕಂಬ ಒಂದು ಕ್ಷಣ ಎಲ್ಲರಿಗೂ ಕಾಣಿಸಿತು. ಬಸವಪ್ರಭು ಸ್ಕೂಟರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ ಕೂತ. ಕಾಫಿ ಆರಿಹೋಯಿತು.

ಅವನು ಹೋದ ಮೇಲೆ ಆ ಹುಳವನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೈ ಗುಲಾಬಿ ಬಣ್ಣ. ತಲೆ ಕಂದು. ಮೈಯ ಒಂದೊಂದು ಮಡಿಕೆಯೂ ಸರದಿಯ ಮೇಲೆ ಏರಿ ಇಳಿಯುತ್ತಿತ್ತು. ಇಂಥದ್ದನ್ನು ಎಷ್ಟು ಸಲ ಬೆರಳಿಂದ ಚಿಮ್ಮಿ ಎಸೆದಿಲ್ಲ... ನೋಡಿರಲಿಲ್ಲ. ಬಹಳ ಹೊತ್ತು ನೋಡಿದೆ. ಹಿತ್ತಲಲ್ಲಿ ಬಿಟ್ಟು ಬಂದೆ.

ಸೆಪ್ಟೆಂಬರ್ ೧೩

ಕುಂಬಳದ ಕುಡಿ, ಚವಳಿಕಾಯಿ, ಹೆಸರು ಗೊತ್ತಿಲ್ಲದ ಎರಡು ಸೊಪ್ಪು. ಹೆಸರು ಕೇಳಿದರೆ ಮಾಲತೇಶಪ್ಪ ನಗುತ್ತಾನೆ — "ನಮಗೂ ಗೊತ್ತಿಲ್ರೀ ಸರ್. ನಮ್ಮವ್ವ ತಿಂತಾಳೆ, ನಾವೂ ತಿಂತೀವಿ."

ವಾಣಿಯ ಕೆನ್ನೆಗೆ ಸ್ವಲ್ಪ ರಕ್ತ ಬಂದಿದೆ. ಈಗ ಡಬ್ಬವನ್ನು ಅವಳೇ ಬಿಚ್ಚುತ್ತಾಳೆ. ಮೊದಲು ಮೂಗು ಹತ್ತಿರ ತರುತ್ತಾಳೆ, ಕಣ್ಣು ಮುಚ್ಚುತ್ತಾಳೆ. ಬಾಗಿಲಲ್ಲಿ ನಿಂತು ನೋಡುವ ನನಗೆ ಸಂಕೋಚ. ಪೂಜೆಯ ಹೊತ್ತಿನಲ್ಲಿ ನಡುವೆ ಹೋದ ಹಾಗೆ.

ಅಕ್ಟೋಬರ್ ೪, ಭಾನುವಾರ, ಮಧ್ಯಾಹ್ನ

ಡಬ್ಬ ಬರಲಿಲ್ಲ.

ಹತ್ತು ಗಂಟೆಯ ತನಕ ಕಾದೆವು. ಆಮೇಲೆ ದ್ರಾಕ್ಷಾಯಣಿ ಹಣೆ ಬಡಿದುಕೊಂಡಳು. ಅವನು ಹೋದ ವಾರವೇ ಹೇಳಿದ್ದನಂತೆ. ನಾಳೆ ಸೀಗೆ ಹುಣ್ಣಿಮೆ, ಹೊಲದಲ್ಲಿ ಬಂದದ್ದೆಲ್ಲ ಭೂಮಿತಾಯಿಗೆ ಮೀಸಲು, ಈ ವಾರ ಯಾರಿಗೂ ಇಲ್ಲ ಅಂತ. ಬನ್ನಿ ಹಬ್ಬದ ಗಡಿಬಿಡಿಯಲ್ಲಿ ಹೂಂಗುಟ್ಟಿ ಮರೆತಿದ್ದಾಳೆ. ಮನೆಯಲ್ಲಿದ್ದದ್ದು ಶುಕ್ರವಾರವೇ ಮುಗಿದಿದೆ. ಮೊನ್ನೆಯಿಂದ ವಾಣಿ ಬರೀ ಮಜ್ಜಿಗೆಯ ಮೇಲಿದ್ದಾಳೆ.

ಆಮೇಲೆ ಆದದ್ದು. ಹಿತ್ತಲಿಗೆ ಹೋದೆ. ದ್ರಾಕ್ಷಾಯಣಿ ಕುಕ್ಕುರುಗಾಲಲ್ಲಿ ಕೂತಿದ್ದಳು. ಎದುರಿಗೆ ಪೇಟೆಯ ಬದನೆಕಾಯಿ, ಪೇಟೆಯ ಮೂಲಂಗಿ. ದಾಸವಾಳದ ಬುಡದ ಮಣ್ಣು ಕಲಸಿ ಒಂದೊಂದಕ್ಕೂ ಸವರುತ್ತಿದ್ದಳು. ಸವರಿ ಸವರಿ ಹಳೆಯ ಡಬ್ಬಕ್ಕೆ ಜೋಡಿಸುತ್ತಿದ್ದಳು. ನನ್ನನ್ನು ನೋಡಿದಳು. ಒಂದು ಮೂಲಂಗಿಯ ತುದಿಗೆ ಮಣ್ಣು ಹತ್ತಿರಲಿಲ್ಲ, ತೋರಿಸಿದೆ.

ವಾಣಿ ಎರಡು ತುತ್ತು ಉಂಡಳು. ಮೂರನೆಯದಕ್ಕೆ ಎದ್ದು ಬಚ್ಚಲಿಗೆ ಓಡಿದಳು. ಮಜ್ಜಿಗೆಯೂ ಹೋಯಿತು.

ಒಳಗಿಂದಲೇ ಅಂದಳು: "ಅವ್ವಾ, ನೀನೂ ಹಿಂಗ ಮಾಡಿದ್ರೆ..."

ನಾಲಿಗೆಗೆ ಗೊತ್ತಾಯಿತೋ, ಅಮ್ಮನ ಮುಖ ನೋಡಿ ಗೊತ್ತಾಯಿತೋ. ಯಾವ ಪ್ರಯೋಗಾಲಯವೂ ಹೇಳಲಾರದು.

ಸಂಜೆ

ಡಾಕ್ಟರ್ ಬಂದು ಹೋದರು. ನಾಳೆ ಸಂಜೆಯೊಳಗೆ ಹೊಟ್ಟೆಯಲ್ಲಿ ಏನಾದರೂ ನಿಲ್ಲಬೇಕು, ಇಲ್ಲದಿದ್ದರೆ ಅಡ್ಮಿಟ್. ತೂಕ ಇಳಿದಿದೆ. ನಾಲ್ಕನೆಯ ತಿಂಗಳು ಎಂದು ಅವರು ಅನ್ನಲಿಲ್ಲ, ನಾವೂ ಅನ್ನಲಿಲ್ಲ.

ಅಕ್ಟೋಬರ್ ೫, ಸೋಮವಾರ, ಸಂಜೆ

ಕ್ರಮವಾಗಿ ಬರೆಯಲು ನೋಡುತ್ತೇನೆ.

ಬೆಳಿಗ್ಗೆ ಬಸವಪ್ರಭು ಬಂದ. ದ್ರಾಕ್ಷಾಯಣಿ ಅಳುತ್ತ ಎಲ್ಲ ಹೇಳಿದಳು. ಕಿಟಕಿಯ ಕಡೆ ಒಮ್ಮೆ ನೋಡಿ, "ಹತ್ರಿ ಮಾವಾರೆ" ಎಂದ. ಹರಿಹರದ ತನಕ ಸ್ಕೂಟರಿನಲ್ಲಿ ಮಾತಿಲ್ಲ. ಸೇತುವೆಗಿಂತ ಮೊದಲೇ ಹೊಳೆಗುಂಟ ಕಚ್ಚಾದಾರಿ. ನನ್ನ ಮನೆಗೆ ಎರಡು ತಿಂಗಳಿಂದ ಅನ್ನ ಕೊಡುತ್ತಿದ್ದ ನೆಲ ಇಷ್ಟು ಚಿಕ್ಕದು ಎಂದು ತಿಳಿದಿರಲಿಲ್ಲ. ಅರ್ಧ ನಮ್ಮ ಸಿಪ್ಪೆ, ತೊಟ್ಟುಗಳದೇ ಕಪ್ಪು ಮಣ್ಣು.

ಬನ್ನಿಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲು. ಮುಂದೆ ನೆಲಕ್ಕೆ ಹೊಸ ಕುಬಸದ ಬಟ್ಟೆ ಹೊದಿಸಿ, ಹಸಿರು ಬಳೆ ಇಟ್ಟಿದ್ದರು. ಪಕ್ಕದಲ್ಲಿ ಬುಟ್ಟಿ ತುಂಬ ಅಡಿಗೆ — ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೊಸರು ಬುತ್ತಿ, ಹೊಲದ ಎಲ್ಲ ತರಕಾರಿ ಸೇರಿಸಿ ಬೇಯಿಸಿದ ಒಂದು ಪಲ್ಯ. ಮಾಲತೇಶಪ್ಪನ ತಾಯಿ ದುರುಗಮ್ಮ ಅದರ ಮುಂದೆ ಕೂತಿದ್ದಳು. ಇನ್ನು ಪೂಜೆಯಾಗಿ ಚರಗ ಚೆಲ್ಲಬೇಕು. ಆ ಅಡಿಗೆಯನ್ನು ಹೊಲದ ತುಂಬ ಎರಚಬೇಕು. ಭೂಮಿ ಉಂಡ ಮೇಲೆ ಮನೆಯವರು.

ನಾಲ್ಕು ಬದನೆಕಾಯಿ ಸಾಕು ಎಂದ ಬಸವಪ್ರಭು.

"ಇವತ್ತು ಒಂದು ಎಲೆ ಸೈತ ಕೀಳಂಗಿಲ್ರೀ," ಮಾಲತೇಶಪ್ಪ ನಿಜವಾಗಿ ನೊಂದು ಹೇಳಿದ. "ಬಸುರಿ ಅದಾಳೆ ಭೂಮ್ತಾಯಿ. ಇವತ್ತು ಆಕೀಗೆ ಬಯಕೆ ಊಟ. ಕುಡುಗೋಲು ತಗಲ್ಸಂಗಿಲ್ಲ."

"ನಮ್ಮನ್ಯಾಗೂ ಬಸುರಿ ಅದಾಳಪ್ಪ. ಮೂರು ದಿನದಿಂದ ಉಂಡಿಲ್ಲ," ಎಂದ ಬಸವಪ್ರಭು.

ದುರುಗಮ್ಮ ತಲೆ ಎತ್ತಿದಳು. "ಎಷ್ಟು ತಿಂಗ್ಳು ತಮ್ಮಾ?"

"ನಾಕು."

"ಚೊಚ್ಚಲೇನು?"

ಅವನು ಕೈಯಲ್ಲಿದ್ದ ಕೀಲಿ ನೋಡಿಕೊಂಡ. ಅವಳು ಮತ್ತೆ ಕೇಳಲಿಲ್ಲ.

"ನೀ ಏನು ಮಾಡ್ತೀ?"

"ಅಂಗಡಿ ಐತೆ... ಬೆಳೆಗೆ ಹೊಡಿಯೋ ಔಷಧಿ."

ಮಾಲತೇಶಪ್ಪ ಹೊಳೆಯ ಕಡೆ ನೋಡತೊಡಗಿದ. ದುರುಗಮ್ಮ ಬೊಚ್ಚು ಬಾಯಿ ತುಂಬ ನಕ್ಕಳು. "ಹಂಗಾರೆ ನಾವು ನಿನ್ನ ಗಿರಾಕಿ ಅಲ್ಲ ಬಿಡು. ಬಾಕಿ ಬೀಳಲ್ಲ." ಆಮೇಲೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. "ಡಬ್ಬಿ ಐತೇನಲೇ ಮಾಲತೇಶಾ? ತಾ."

"ಅವ್ವಾ, ಮೀಸಲು! ಭೂಮ್ತಾಯಿ ಇನ್ನೂ ಉಂಡಿಲ್ಲ."

"ಈಕಿ ವರ್ಷಾ ಬಸುರಿ, ವರ್ಷಾ ಬಾಣಂತಿ. ತಡೀತಾಳೆ. ಆ ಹುಡುಗಿ ತಡಿಯಂಗಿಲ್ಲ. ಮೊದ್ಲು ಅಕೀಗೆ ಇಕ್ಕು."

ಅವನು ಅಲುಗಲಿಲ್ಲ. ಹೆದರಿದ್ದ. ದುರುಗಮ್ಮನೇ ಎದ್ದಳು. ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಟಿಫಿನ್ ಕ್ಯಾರಿಯರಿಗೆ ತುಂಬಿದಳು. ತುಂಬುವಾಗ ನೆಲದ ಕಡೆ ಬಗ್ಗಿ, ನೆರೆಮನೆಯವಳಿಗೆ ಹೇಳುವ ಹಾಗೆ, "ಸ್ವಲ್ಪ ತಡಿಯವ್ವಾ" ಎಂದಳು. ಬಸವಪ್ರಭುವಿನ ಕೈಗೆ ಕೊಟ್ಟಳು.

"ಉಂಡ್ಲು ಅಂತ ಬಂದು ಹೇಳು. ಆಮ್ಯಾಲೆ ಚರಗ. ಅಲ್ಲೀಗಂಟ ಈಕೀನೂ ಉಣ್ಣಲ್ಲ, ನಾವೂ ಉಣ್ಣಲ್ಲ."

ಸ್ಕೂಟರ್ ಹೋಯಿತು. ನಾನು ಅಲ್ಲೇ ಉಳಿದೆ.

ಆ ಕಾಯುವಿಕೆಯನ್ನು ಹೇಗೆ ಬರೆಯಲಿ. ಬುಟ್ಟಿ ತುಂಬ ಅಡಿಗೆ, ಮುಟ್ಟುವವರಿಲ್ಲ. ಬಿಸಿಲು ಏರಿತು. ದುರುಗಮ್ಮ ಎಲೆಯಿಂದ ನೊಣ ಓಡಿಸುತ್ತಿದ್ದಳು. ಹೀರೆಬಳ್ಳಿ, ಬದನೆಗಿಡ, ಹೆಸರಿಲ್ಲದ ಆ ಸೊಪ್ಪು, ಎಲ್ಲವೂ ನಿಂತಲ್ಲೇ ನಿಂತಿದ್ದವು. ಭೂಮಿ ಬಸುರಿ ಎಂದು ನಾನು ನಂಬುವುದಿಲ್ಲ. ಆದರೆ ಒಂದು ನೆಲ ನನ್ನ ಮಗಳಿಗಾಗಿ ಹಸಿದು ಕೂತಿತ್ತು. ಅದರ ಮೇಲೆ ನಾನು ಕೂತಿದ್ದೆ. ಚಪ್ಪಲಿ ಬಿಚ್ಚಿದೆ. ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ದಾಟಿ ದಾರಿಯ ಮೇಲೆ ಧೂಳು ಕಂಡಿತು. ಬಸವಪ್ರಭು ಇಳಿದ. ದುರುಗಮ್ಮ ಕೇಳುವ ಮೊದಲೇ ತಲೆ ಆಡಿಸಿದ.

"ನಿಂತೈತೇನು ಹೊಟ್ಯಾಗೆ?"

"ನಿಂತೈತೆ... ಮಲಗ್ಯಾಳೆ. ಒಂದು ತಾಸು ಕಾದು ನೋಡೇ ಬಂದೆ."

ಪೂಜೆ ಮುಗಿಸಿ ದುರುಗಮ್ಮ ಬುಟ್ಟಿ ಎತ್ತಿ ಅವನ ಕೈಗೇ ಇಟ್ಟಳು. "ನೀನೇ ಚೆಲ್ಲು. ತಡ ಮಾಡಿಸಿದಾತ ನೀನು."

"ನಾನಾ? ನನ್ನ ಕೈಯಿಂದ..."

"ಕೈ ಐತಲ್ಲ? ಚೆಲ್ಲು."

ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಂಡಿಪೇಟೆಯ ವ್ಯಾಪಾರಿ. ಮಾಲತೇಶಪ್ಪ ನೀರು ಎರಚುತ್ತ ಮುಂದೆ ನಡೆದ, ಇವನು ಹಿಂದೆ. ಮೊದಲು ಹೆಜ್ಜೆ ಎಣಿಸುವವನಂತೆ. ಆಮೇಲೆ ಮಾಲತೇಶಪ್ಪ ಕೂಗುವ ಕೂಗನ್ನೇ ಕೂಗುತ್ತ, ಸಾಲಿನಿಂದ ಸಾಲಿಗೆ ಓಡುತ್ತ, ಅನ್ನವನ್ನು ಹಿಡಿ ಹಿಡಿಯಾಗಿ ಎರಚಿದ. ಕಾಗೆಗಳು ಇಳಿದವು. ಬದುವಿನ ಕೊನೆಯಲ್ಲಿ ಖಾಲಿ ಬುಟ್ಟಿ ಹಿಡಿದು ಬಹಳ ಹೊತ್ತು ಹೊಳೆಗೆ ಮುಖ ಮಾಡಿ ನಿಂತ. ನಾವು ಕರೆಯಲಿಲ್ಲ.

ಮನೆಗೆ ಬಂದ ಮೇಲೆ ದ್ರಾಕ್ಷಾಯಣಿ ಹೇಳಿದ್ದು. ತರಕಾರಿ ತರುವುದು ಬೇರೆ, ಮಾಲತೇಶಪ್ಪನ ಜಾತಿಯವರ ಮನೆಯಲ್ಲಿ ಬೇಯಿಸಿದ್ದು ಬೇರೆ. ಅವಳು ಹುಟ್ಟಿದ ಮನೆಯಲ್ಲಿ ಅದು ಒಳಗೆ ಬರುವಂತೆಯೇ ಇರಲಿಲ್ಲ. ಕ್ಯಾರಿಯರ್ ಹಿಡಿದು ಹೊಸಿಲಲ್ಲಿ ನಿಂತಳಂತೆ. "ನಿಂತೆ, ಅಷ್ಟೇ ಕಣ್ರೀ. ಆಮೇಲೆ ತಟ್ಟೆ ಇಟ್ಟೆ." ವಾಣಿ ಯಾರದ್ದು, ಎಲ್ಲಿಯದು ಎಂದು ಕೇಳಲಿಲ್ಲವಂತೆ. ಮುಚ್ಚಳ ತೆಗೆದು ಮೂಸಿದಳು. ಕಡುಬು, ಪಲ್ಯ, ಬುತ್ತಿ, ಬೆರಳು ನೆಕ್ಕಿ ಉಂಡಳು. ಅಳಿಯ ಕಿಟಕಿಯ ಹೊರಗೆ ನಿಂತೇ ನೋಡಿದ.

ಅಡ್ಮಿಟ್ ಬೇಡವಾಯಿತು.

ಅಕ್ಟೋಬರ್ ೧೧

ಡಬ್ಬ ಬಂತು. ಮಾಲತೇಶಪ್ಪ ಆ ದಿನದ ಮಾತು ಎತ್ತಲಿಲ್ಲ. ಹೋಗುವಾಗ ಮಾತ್ರ — "ಅವ್ವ ಕೇಳಿದ್ಲು, ಉಣ್ತಾಳೇನು ಅಂತ."

ಉಣ್ಣುತ್ತಾಳೆ.

ನವೆಂಬರ್ ೧, ಭಾನುವಾರ, ಬೆಳಿಗ್ಗೆ

ವಾಣಿಗೆ ಐದರಲ್ಲಿ ಬಿದ್ದಿದೆ. ಇಷ್ಟು ದೂರ ಇದೇ ಮೊದಲು. ಬರೆಯಲೂ ಹೆದರಿಕೆ.

ವಾಣಿ ಒಳಗೆ ನೆಲದ ಮೇಲೆ ಕೂತು ಚವಳಿಕಾಯಿ ಮುರಿಯುತ್ತಿದ್ದಾಳೆ. ಕಟ್ಟೆಯ ಮೇಲೆ ಬಸವಪ್ರಭು ಮತ್ತು ಮಾಲತೇಶಪ್ಪ. ಬೇವಿನ ಹಿಂಡಿಯ ಮಾತು. ಅಂಗಡಿಯಲ್ಲಿ ಅದನ್ನೂ ಇಟ್ಟರೆ ಹೆಂಗೆ ಎಂದು ಅಳಿಯ ಕೇಳುತ್ತಿದ್ದಾನೆ. "ಇಡ್ರೀ, ಆದ್ರೆ ನಿಮ್ಮ ಡಬ್ಬಿಗಳ ಪಕ್ಕ ಬ್ಯಾಡ್ರಿ, ಹೆದರ್ತೈತೆ ಅದು" ಎನ್ನುತ್ತಾನೆ ಇವನು. ಇಬ್ಬರೂ ನಗು—

ವಾಣಿ ಕೂಗಿದಳು.

ಹಿಂದೆ ಎರಡು ಸಲ ಕೇಳಿದ ಕೂಗು ಗೊತ್ತು. ಇದು ಅದಲ್ಲ. ಅದಲ್ಲವೇ? ದ್ರಾಕ್ಷಾಯಣಿ ಅಡಿಗೆಮನೆಯಿಂದ ಓಡುತ್ತಿದ್ದಾಳೆ.

"ರೀ! ಒಳಗ ಬರ್ರಿ! ಒದೀತು. ಹ್ಞಾಂ, ಮತ್ತೆ. ಇಲ್ಲಿ ಇಲ್ಲಿ, ಬರ್ರಿ ಬ್ಯಾಗ..."

ಅಮ್ಮನನ್ನಲ್ಲ. ಅವನನ್ನು. ಚಪ್ಪಲಿಯಲ್ಲೇ ಒಳಗೆ ಓಡಿದ.

ನಾನು ಇಲ್ಲಿ ಕುರ್ಚಿಯ ಮೇಲೆ. ಬಾಗಿಲು ತೆರೆದೇ ಇದೆ. ಒಳಗೆ ಈಗ ಸದ್ದಿಲ್ಲ, ಮೂವರೂ ಉಸಿರು ಹಿಡಿದಿರಬೇಕು. ಮಾಲತೇಶಪ್ಪ ಸಿಪ್ಪೆಯ ಡಬ್ಬ ಎದೆಗೆ ಒತ್ತಿಕೊಂಡು ಅಂಗಳದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾನೆ, ಏನಾಯಿತೆಂದು. ಅವನಿಗೆ ಹೇಳಬೇಕು. ಮೊದಲು ನಾನೂ ಒಂದು ಸಲ ಒಳಗೆ—