ಉಜ್ಜನಪ್ಪನ ಜೀಪಿನ ಎಣ್ಣೆ

ಹರಿಹರ
14 ಫೆಬ್ರುವರಿ 1981

ಪ್ರೀತಿಯ ಫಜಲುಲ್ಲಾ,

ಅಸ್ಸಲಾಮು ಅಲೈಕುಂ. ನಾನೂ ನಿನ್ನ ಅಮ್ಮಿಯೂ ಕ್ಷೇಮ. ಇಚಲಕರಂಜಿಯ ನಿನ್ನ ವಿಳಾಸ ಬಕ್ರೀದಿನ ಹೊತ್ತಿಗೇ ಕುತುಬುದ್ದೀನನಿಂದ ಸಿಕ್ಕಿತ್ತು. ಬರೆಯಲು ತಡಮಾಡಿದೆ, ಬೇಸರಿಸಬೇಡ. ಕೈಯಲ್ಲಿ ಪುರಾವೆಯಿಲ್ಲದೆ ನಿನಗೆ ಬರೆಯಬಾರದೆಂದು ನಿಶ್ಚಯಿಸಿದ್ದೆ. ಈಗ ಅದಿದೆ.

ಕಳೆದ ವಾರ ಹದಡಿಯ ಉಜ್ಜನಪ್ಪನ ಜೀಪು, ನೀನು ಓಡಿಸುತ್ತಿದ್ದ ಅದೇ ಜೀಪು, ನಮ್ಮ ರೈಲ್ವೆ ನಿಲ್ದಾಣದ ಬಳಿ ಬ್ರೇಕು ಹತ್ತದೆ ಒಂದು ಗೋಡೆಗೆ ಒರಗಿ ನಿಂತಿತು. ಬೇರೆ ದಾರಿಯಿಲ್ಲದೆ ನನ್ನ ಗ್ಯಾರೇಜಿಗೆ ತಳ್ಳಿಸಿಕೊಂಡು ಬಂದ.

"ಹಳೇದೆಲ್ಲ ಬಿಡ್ರಿ ಸಾಬ್ರೆ. ನಿಮ್ಮ ಹುಡುಗ ಈಗಾದ್ರೂ ಕುಡಿಯೋದು ಬಿಟ್ಟಾನಾ?" ಎಂದು ನಕ್ಕ.

ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಬೆರಳದ್ದಿ ನೋಡಿದೆ; ಒಳಗಿದ್ದದ್ದು ಬ್ರೇಕ್ ಎಣ್ಣೆಯಲ್ಲ. "ನಾಳೆ ಬರ್ರಿ, ಎಣ್ಣೆ ಪೂರ್ತಿ ಬದಲಿಸಬೇಕು" ಎಂದಷ್ಟೇ ಹೇಳಿದೆ. ಅವನು ಹೋದ ಕೂಡಲೇ ಹದಡಿಗೆ ಆಳು ಕಳುಹಿಸಿ, ಅಂದು ನೀನು ಓಡಿಸುತ್ತಿದ್ದಾಗ ಆ ಜೀಪು ಗುದ್ದಿ ಕಾಲು ಮುರಿದುಕೊಂಡ ಎತ್ತಿನಗಾಡಿಯ ಗುಡ್ಡಪ್ಪನನ್ನೂ ಅವನ ಅಣ್ಣ ದುರುಗಣ್ಣನನ್ನೂ ಕರೆಸಿದೆ.

ಹಳೆಯ ಎಣ್ಣೆ ಹೊರಹಾಕಲು ಇಬ್ಬರು ಬೇಕೆಂದು ನಿನಗೆ ಗೊತ್ತು: ಒಬ್ಬ ಪೆಡಲು ಒತ್ತಬೇಕು, ಇನ್ನೊಬ್ಬ ಚಕ್ರದ ಬಳಿ ಮಲಗಿ ತಿರುಪು ಸಡಿಲಿಸಿ ಎಣ್ಣೆಯನ್ನು ಬಟ್ಟಲಿಗೆ ಬಿಡಬೇಕು. ಮರುದಿನ, ಆ ಅಣ್ಣತಮ್ಮಂದಿರ ಎದುರೇ, ನನ್ನ ಕೆಲಸಗಾರನನ್ನು ದೂರ ನಿಲ್ಲಿಸಿ ಉಜ್ಜನಪ್ಪನನ್ನೇ ಪೆಡಲಿಗೆ ಕೂರಿಸಿದೆ.

"ಒತ್ರಿ. ಹಂಗೇ ಹಿಡೀರಿ. ನಾ ಹೇಳೋತನ ಬಿಡಬ್ಯಾಡ್ರಿ."

ಊರಿಗೆಲ್ಲ ಅಪ್ಪಣೆ ಕೊಡುವವನು ನನ್ನ ಅಪ್ಪಣೆಗೆ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಅವನ ಪಂಚೆ ಬೆವರಿನಲ್ಲಿ ತೊಯ್ದಿತು. ಬಟ್ಟಲಿಗೆ ಕಪ್ಪು ಇಂಜಿನ್ ಎಣ್ಣೆ ಇಳಿಯಿತು.

"ಇದನ್ನ ಹಾಕಿದ್ದು ಯಾರು ಗೌಡ್ರೆ?" ಎಂದೆ.

"ಇನ್ಯಾರು, ನಾನೇ! ಟ್ರಾಕ್ಟರಿಗೆ ಡ್ರಮ್ಮುಗಟ್ಟಲೆ ಐತೆ, ಜೀಪಿಗೆ ಬ್ಯಾರೆ ಯಾಕ? ತಂದ ವರ್ಷದಿಂದ ಇದನ್ನೇ ಹಾಕ್ತೀನಿ. ಎಣ್ಣಿ ಅಂದ್ರೆ ಎಣ್ಣಿ ಕಣ್ರಿ."

ನಾನು ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರ್ ಬಿಚ್ಚಿ, ಆ ಎಣ್ಣೆಯಲ್ಲಿ ಊದಿ ಅಣಬೆಯಂತಾಗಿದ್ದ ರಬ್ಬರನ್ನು ಗುಡ್ಡಪ್ಪನ ಅಂಗೈಯಲ್ಲಿಟ್ಟೆ. ಹೀಗಾದ ರಬ್ಬರು ಹಿಡಿತ ಬಿಟ್ಟರೆ ಪೆಡಲು ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲವೆಂದು ವಿವರಿಸಿದೆ. ಅಂದು ನೀನು ಹೇಳಿದ್ದೂ ಅದನ್ನೇ. ಆಗ ನನ್ನನ್ನು ಜೀಪಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಬಟ್ಟಲನ್ನು ಉಜ್ಜನಪ್ಪನ ಮೂಗಿಗೆ ಹಿಡಿದೆ. "ಮೂಸಿ ನೋಡ್ರಿ ಗೌಡ್ರೆ. ಸಾರಾಯಿ ವಾಸನೆ ಬರುತ್ತಾ?"

ಅಂದು ಹದಡಿಯ ಕಟ್ಟೆಯ ಮೇಲೆ, ಕುಡಿದಿದ್ದೀಯೆಂದು ನಿನ್ನ ದವಡೆ ಹಿಡಿದು, ಬಂದವರಿಗೆಲ್ಲ ನಿನ್ನ ಬಾಯಿ ಮೂಸಲು ಹೇಳಿದವನು ಮುಖ ತಿರುಗಿಸಿದ.

ಗುಡ್ಡಪ್ಪ ಕೋಲೂರಿ ಎದ್ದ. "ಹಂಗಾದ್ರೆ ನನ್ನ ಕಾಲು ಮುರಿದದ್ದು ಆ ಹುಡುಗ ಅಲ್ಲೇನೋ? ನೀನೇ ಏನೋ?"

ಸಿಲಿಂಡರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅದೇ ಕಟ್ಟೆಯ ಮೇಲೆ ನಿಂತು, ಈ ಎಣ್ಣೆ ಹಾಕಿದ್ದು ತಾನೇ ಎಂದು ಹೇಳದೆ ಜೀಪು ಕದಲುವುದಿಲ್ಲವೆಂದೆ. ಪೊಲೀಸರ ಹೆಸರೆತ್ತಿದ. "ಕರ್ಕೊಂಡು ಬರ್ರಿ, ಅವ್ರ ಮುಂದೂ ಹೇಳ್ರಿ" ಎಂದೆ. ಕೊನೆಗೆ ಬಸ್ಸು ಹತ್ತಿಹೋಗಿ ಹೇಳಿದ. ಊರೇ ನೆರೆದಿತ್ತಂತೆ, ದುರುಗಣ್ಣ ಬಂದು ಖಚಿತಪಡಿಸಿದ.

ಆಮೇಲೆ ಕೊಳವೆಗಳನ್ನೆಲ್ಲ ಸ್ಪಿರಿಟ್ಟಿನಿಂದ ತೊಳೆದು, ಹೊಸ ರಬ್ಬರು, ಸರಿಯಾದ ಬ್ರೇಕ್ ಎಣ್ಣೆ ಹಾಕಿದೆ. ಕೆಲಸದಲ್ಲಿ ಲೋಪವಿಲ್ಲ. ಉಜ್ಜನಪ್ಪ ಬಹುಕಾಲ ಬದುಕಬೇಕು, ಆ ಕಟ್ಟೆಯ ಮುಂದೆ ದಿನವೂ ಹಾದುಹೋಗಬೇಕು. ನಾನು ಕ್ಷಮಿಸಿಲ್ಲ.

ಅಲ್ಲಾಹ್ ನಿನ್ನನ್ನು ಆರೋಗ್ಯದಿಂದಿಡಲಿ.

ನಿನ್ನ ಅಬ್ಬಾ,
ಜಮಾಲುದ್ದೀನ್

ಮರೆತಿದ್ದು: ನೀನು ಮನೆ ಬಿಟ್ಟದ್ದು ಉಜ್ಜನಪ್ಪನಿಂದಲ್ಲವೆಂದು ನನಗೆ ಗೊತ್ತು. ಅಂದು ಸಂಜೆ ನೀನು ಮಲಗಿದ್ದಾಗ, ನಿದ್ದೆ ಹತ್ತಿದೆಯೆಂದುಕೊಂಡು ನಿನ್ನ ಅಮ್ಮಿ ಹಜೀರಾ ಬಾಗಿ ನಿನ್ನ ಬಾಯಿ ಮೂಸಿದಳು. ಅವಳು ತಲೆಯೆತ್ತಿದಾಗ ನಿನ್ನ ಕಣ್ಣು ತೆರೆದೇ ಇತ್ತು. ಮೊನ್ನೆ ಆ ಎಣ್ಣೆಯನ್ನು ಒಂದು ಶೀಷೆಯಲ್ಲಿ ತಂದು ಅವಳ ಮುಂದಿಟ್ಟು, "ಇದನ್ನೂ ಮೂಸು" ಎಂದೆ. ಮೂಸಿದಳು. ಅಂದಿನಿಂದ ಶೀಷೆಯನ್ನು ಎಸೆಯಲು ನನಗೂ ಬಿಡುವುದಿಲ್ಲ, ತಾನೂ ಎಸೆಯುವುದಿಲ್ಲ. ನೀನೇ ಬಂದು ಎಸೆಯಬೇಕಂತೆ.