ಪುಡಿಂಗ್ ಹಿಡಿದು ಬೀದಿಗಿಳಿದ ಸಂಜೆ

ಜನವರಿ, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಚಿನಕುರುಳಿ,

ನಿನ್ನ ಪತ್ರ ಕೈಸೇರಿತು. ಮೇಲೆ "ಅತ್ತಿಗೆ" ಎಂದು ಬರೆದು, ಹೊಡೆದುಹಾಕಿ, ಮತ್ತೆ "ಅತ್ತಿಗೆ" ಎಂದೇ ಬರೆದಿದ್ದೀಯ. ನಿಮ್ಮಣ್ಣನೂ ನಾನೂ ಬೇರೆಯಾದ ಮೇಲೆ ನನ್ನನ್ನು ಏನೆಂದು ಕರೆಯಬೇಕೋ ನನಗೂ ತಿಳಿಯದು. ಹಾಗೇ ಇರಲಿ ಬಿಡು. ಕೋರ್ಟಿನವರು ಗಂಡನನ್ನು ಬಿಡಿಸಿದರೇ ಹೊರತು ನಾದಿನಿಯನ್ನು ಬಿಡಿಸಿದ ಹಾಗೆ ನನಗೆ ನೆನಪಿಲ್ಲ.

ಯಾರೋ ಗೆಳತಿಗೆ ಬೇಕಂತೆ, ಚಳಿಗಾಲದಲ್ಲಿ ನಾವಿಬ್ಬರೂ ಮಾಡುತ್ತಿದ್ದ ಸೇಬಿನ ಪುಡಿಂಗಿನ ಅಳತೆ ಬರೆದು ಕಳಿಸಿ ಎಂದಿದ್ದೀಯ. ಅಳತೆ ಎಲ್ಲಿತ್ತೇ? ನೀನು ಸೇಬು ಹೆಚ್ಚುವುದು, ಹೆಚ್ಚಿದ್ದರಲ್ಲಿ ಅರ್ಧ ತಿನ್ನುವುದು. ನಾನು ಹಾಲು ಸುರಿಯುವುದು, ಸಾಕೆನ್ನಿಸಿದಾಗ ನಿಲ್ಲಿಸುವುದು. ಕೈಗೆ ಗೊತ್ತಿದ್ದದ್ದು ಕಾಗದಕ್ಕೆ ಇಳಿಯಬೇಕಾದರೆ ಒಮ್ಮೆ ಮಾಡಿ ನೋಡಲೇಬೇಕಿತ್ತು. ಈ ಮನೆಗೆ ಬಂದ ಮೇಲೆ ನಾನು ಓವನ್ ಹಚ್ಚಿರಲೇ ಇಲ್ಲ. ಅದರೊಳಗೆ ಬಾಣಲೆ ಇಡುತ್ತಿದ್ದೆ.

ನಾನು ಚೆನ್ನಾಗಿದ್ದೇನೆ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ. ಹಾಸಿಗೆಯ ಚಾದರಗಳನ್ನು ಇಬ್ಬರು ಎದುರುಬದುರು ನಿಂತು ಮಡಿಸುತ್ತೇವೆ. ಅಂಚು ಹಿಡಿದು ಹತ್ತಿರ ಬರಬೇಕು, ಅಂಚು ಕೊಟ್ಟು ಹಿಂದೆ ಸರಿಯಬೇಕು. ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸದು. ಎದುರಿನವಳ ಮೂಗಿನ ಪಕ್ಕದ ಮಚ್ಚೆ ಕೂಡ ನನಗೆ ಬಾಯಿಪಾಠ, ಅವಳ ದನಿ ಹೇಗಿದೆ ಎಂದರೆ ಹೇಳಲಾರೆ. ಮನೆಗೆ ಬಂದರೆ ರೇಡಿಯೋ ಇದೆ. ಅದು ಹೇಳಿದ್ದಕ್ಕೆಲ್ಲ "ಹೌದಾ?" ಅನ್ನುತ್ತೇನೆ.

ಕಳೆದ ವಾರ ಮಾರುಕಟ್ಟೆಗೆ ಹುಳಿ ಸೇಬು ಬಂದಿತ್ತು, ಸಣ್ಣದು, ಸಿಪ್ಪೆ ಸುಕ್ಕಾದದ್ದು. ಅಂಗಡಿಯವನು ಫಳಫಳ ಹೊಳೆಯುವ ಕೆಂಪು ಹಣ್ಣನ್ನೇ ನನ್ನ ಮುಂದೆ ತಳ್ಳಿದ. "ಅದು ನೋಡೋಕೆ, ಇದು ಬೇಯ್ಸೋಕೆ" ಅಂದೆ. ತುಂಬ ದಿನಗಳ ಮೇಲೆ ಯಾರೊಂದಿಗೋ ವಾದ ಮಾಡಿ ಗೆದ್ದ ಖುಷಿ.

ಬರೆದುಕೋ. ಹುಳಿ ಸೇಬು ಆರು, ತೆಳ್ಳಗೆ ಹೆಚ್ಚಿದ್ದು. ಹಿಂದಿನ ದಿನದ ಬ್ರೆಡ್ಡು ಎಂಟು ಹೋಳು, ಬೆಣ್ಣೆ ಧಾರಾಳವಾಗಿ ಸವರಿ. ಮೂರು ಮೊಟ್ಟೆ, ಮೂರು ಲೋಟ ಹಾಲು, ಮುಕ್ಕಾಲು ಲೋಟ ಸಕ್ಕರೆ. ಬ್ರೆಡ್ಡಿನ ಮೇಲೆ ಸೇಬು, ಸೇಬಿನ ಮೇಲೆ ಬ್ರೆಡ್ಡು ಎಂದು ಪದರ ಹಾಕಿ, ಮೊಟ್ಟೆ ಸಕ್ಕರೆ ಕದಡಿದ ಹಾಲು ಸುರಿದು, ಅದು ಹೀರಿಕೊಳ್ಳುವ ತನಕ ಸುಮ್ಮನೆ ಬಿಡಬೇಕು. ಮೇಲೆ ಹೊಂಬಣ್ಣ ಬಂದು, ಚುಚ್ಚಿದ ಚಾಕು ಅಂಟದೆ ಹೊರಬರುವವರೆಗೆ ಬೇಯಲಿ. ಪಾತ್ರೆ ಮಾತ್ರ ದೊಡ್ಡದಿರಲಿ. ಇಲ್ಲದಿದ್ದರೆ ನನ್ನ ಗತಿಯೇ.

ನನ್ನ ದೊಡ್ಡ ಪಿಂಗಾಣಿ ಪಾತ್ರೆ ನಿಮ್ಮ ಮನೆಯಲ್ಲೇ ಉಳಿಯಿತು. ಇಲ್ಲಿರುವುದು ಚಿಕ್ಕದು, ಕೈ ಮಾತ್ರ ಹಳೆಯ ಅಭ್ಯಾಸದಂತೆ ಮನೆಮಂದಿಗೆಲ್ಲ ಆಗುವಷ್ಟು ಸುರಿಯಿತು. ಹಾಲು ಉಕ್ಕಿ ಓವನ್ನಿನ ತಳಕ್ಕೆ ಬಿದ್ದು ಸೀದುಹೋಯಿತು. ಬಾಗಿಲು ತೆರೆದು ಪಾತ್ರೆ ಈಚೆಗೆ ತೆಗೆದದ್ದೇ ತಡ, ಅಡುಗೆಮನೆ ತುಂಬ ಹೊಗೆ. ಇಡೀ ಕಟ್ಟಡದ ಬೆಂಕಿ ಗಂಟೆ ಬಡಿದುಕೊಳ್ಳತೊಡಗಿತು.

ಎಲ್ಲ ಮಹಡಿಯವರೂ ಆ ಚಳಿಯಲ್ಲಿ ಬೀದಿಗೆ ಇಳಿದರು. ಒಬ್ಬ ಅರ್ಧ ಗಡ್ಡ ಬೋಳಿಸಿದವನು ನೊರೆ ಸಮೇತ ಬಂದಿದ್ದ. ಒಬ್ಬಾಕೆ ಬೆಕ್ಕನ್ನು ದಿಂಬಿನ ಚೀಲಕ್ಕೆ ತುಂಬಿ ತಂದಿದ್ದಳು. ಇಂಥ ಹೊತ್ತಿನಲ್ಲಿ ಜನ ಬೆಲೆಬಾಳುವುದನ್ನು ಹಿಡಿದು ಓಡುತ್ತಾರಂತೆ. ನನ್ನ ಕೈಯಲ್ಲಿ ಪುಡಿಂಗಿತ್ತು. "ಯಾರ ಮನೇದು ಹೊಗೆ?" ಎಂದು ಯಾರೋ ರೇಗಿದರು. ಪಾತ್ರೆ ಎತ್ತಿ ತೋರಿಸಿದೆ. ಕೆಳಮನೆಯ ಅಜ್ಜಿ ಮುಂದೆ ಬಂದು, "ಆರೋಕೆ ಮುಂಚೆ ಇತ್ಲಾಗೆ ಕೊಡಮ್ಮ" ಅಂದರು. ಮೂಲೆಯ ಕಾಫಿ ಅಂಗಡಿಯಿಂದ ಚಮಚಗಳು ಬಂದವು. ಬೆಂಕಿ ಆರಿಸುವವರು ಮೇಲೆ ಹೋಗಿ ನೋಡಿ ಇಳಿಯುವಷ್ಟರಲ್ಲಿ ಪಾತ್ರೆ ಮುಕ್ಕಾಲು ಖಾಲಿ. ಅವರೂ ಎರಡೆರಡು ಚಮಚ ತಿಂದು, ಕಿಟಕಿ ತೆರೆದಿಡಿ ಎಂದು ಹೇಳಿ ಹೋದರು. ಬೈಯಬೇಕಾದವರೆಲ್ಲ ಚಮಚ ನೆಕ್ಕುತ್ತ ನನ್ನ ಸುತ್ತ ನಿಂತಿದ್ದರು. ನನಗೆ ಚಳಿಯೇ ಆಗಲಿಲ್ಲ.

ಆಗ ಅಜ್ಜಿ, "ಇಷ್ಟೊಂದು ಯಾರಿಗಮ್ಮ ಮಾಡಿದ್ದು?" ಎಂದು ಕೇಳಿದರು. ಯಾರಿಗೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ನನ್ನ ನಾದಿನಿ ಬರ್ತಾಳೆ" ಅಂದುಬಿಟ್ಟೆ.

ಗಂಟೆ ನಿಂತಿತು. ಎಲ್ಲರೂ ಒಳಗೆ ಹೋದರು. ಒಂದೊಂದೇ ಚಿಲಕ ಬೀಳುವುದನ್ನು ಕೇಳುತ್ತ ಖಾಲಿ ಪಾತ್ರೆಯೊಂದಿಗೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ರುಚಿ ಹೇಗಿತ್ತೆಂದು ಕೇಳಬೇಡ, ನನಗೆ ಉಳಿದಿರಲಿಲ್ಲ.

ಈಗ ಅಜ್ಜಿ ದಿನಾ ನನ್ನನ್ನು ಮೆಟ್ಟಿಲಲ್ಲಿ ಹಿಡಿಯುತ್ತಾರೆ. "ನಾದಿನಿ ಬಂದ್ಲಾ?" ಮೊದಲ ದಿನ ನಿನ್ನ ರೈಲು ತಪ್ಪಿಸಿದೆ. ಆಮೇಲೆ ಜ್ವರ ಬರಿಸಿದೆ. ನಿನ್ನೆ ಅವರು, ಪಾಪ ಜ್ವರದಿಂದ ಎದ್ದ ಹುಡುಗಿ ಎಂದು, ಕೈಯಾರೆ ಹೆಣೆದ ಉಣ್ಣೆಯ ಕಾಲುಚೀಲ ತಂದುಕೊಟ್ಟರು. ಇನ್ನು ಯಾವ ಕಾಯಿಲೆ ತರಿಸಲಿ ಹೇಳು? ಒಂದು ಭಾನುವಾರ ಬಂದುಹೋಗೇ. ಹುಳಿ ಸೇಬು ಇನ್ನೂ ಸ್ವಲ್ಪ ದಿನ ಸಿಗುತ್ತದಂತೆ.

ಇನ್ನು ನಿನ್ನ ಆ ಗೆಳತಿ. ನಿನ್ನದು ಕಾಗೆಕಾಲಿನ ಅಕ್ಷರ. ಸುಳ್ಳು ಬರೆಯುವಾಗ ಮಾತ್ರ ಮುತ್ತು ಪೋಣಿಸುತ್ತೀಯ. ನಿಮ್ಮಣ್ಣನ ಮನೆಗೆ ಯಾರೋ ಬಂದಿದ್ದಾಳೆಂದು ಆ ಸಾಲು ಓದುವಾಗಲೇ ತಿಳಿಯಿತು. ಮುಕ್ಕಾಲು ಲೋಟ ಉಪ್ಪು ಎಂದು ಬರೆಯಲು ಕೈ ತುರಿಸಿದ್ದು ನಿಜ. ಬರೆಯಲಿಲ್ಲ. ಅಳತೆ ಎಲ್ಲ ಸರಿಯಾಗಿಯೇ ಇದೆ.

ನಿನ್ನ ದಾರಿ ಕಾಯುತ್ತಿರುವ
ಅತ್ತಿಗೆ

ಬರೆಯಲು ಮರೆತದ್ದು: ಅಂಗಡಿಗಳಲ್ಲಿ ಸೇಬಿನ ಪುಡಿಂಗಿಗೆ ಚಕ್ಕೆ ಪುಡಿ ಉದುರಿಸುತ್ತಾರೆ. ಅವಳೂ ಉದುರಿಸಲು ಹೊರಟಾಳು, ಬೇಡ ಎಂದು ಹೇಳು. ನಿಮ್ಮಣ್ಣನಿಗೆ ಚಕ್ಕೆ ಆಗದು, ಗಂಟಲು ಕೆರೆದು ಕೆಮ್ಮು ಹತ್ತುತ್ತದೆ. ಬಾಯಿಬಿಟ್ಟು ಹೇಳುವವರಲ್ಲ, ತಟ್ಟೆ ಖಾಲಿ ಮಾಡಿ, ಚೆನ್ನಾಗಿದೆ ಎಂದು, ಆಚೆ ಹೋಗಿ ಒಬ್ಬರೇ ಕೆಮ್ಮುತ್ತಾರೆ. ಪಾಪ, ಅವಳಿಗಾದರೂ ಹೇಗೆ ತಿಳಿಯಬೇಕು? ನನಗೇ ಎರಡು ಚಳಿಗಾಲ ಹಿಡಿಯಿತು.